ಇನ್ನೊಂದು ಸೀಸೆ ಉಪ್ಪುನೀರು

ಮಗು ಬೆಳಿಗ್ಗೆಯೇ ಹುಟ್ಟಿತ್ತು. ಮಾಸು ಬೀಳದೆ ಲಕ್ಷ್ಮಮ್ಮನ ಮೈಯ ರಕ್ತವೆಲ್ಲ ಚಾಪೆಗೆ ಇಳಿದ ಮೇಲೆ ಅವಳನ್ನು ಕೆಸರೆಯಿಂದ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ತಂದರು. ಡಾಕ್ಟರ್ ಸುಂದರೇಶರು ಮಾಸು ತೆಗೆದು ರಕ್ತ ನಿಲ್ಲಿಸಿ, ತೋಳಿನ ನರಕ್ಕೆ ಉಪ್ಪುನೀರು ಬಿಟ್ಟರು. ಸೀಸೆ ಖಾಲಿಯಾಗುವ ಹೊತ್ತಿಗೆ ನಾಡಿ ಸಿಕ್ಕಿತು; ಸ್ವಲ್ಪ ಹೊತ್ತಿಗೆ ಮತ್ತೆ ಜಾರಿತು.

ನೀರು ನಾಳವನ್ನು ತುಂಬುತ್ತದೆ, ರಕ್ತದ ಕೆಲಸ ಮಾಡುವುದಿಲ್ಲ, ಮನುಷ್ಯರ ರಕ್ತವೇ ಬೇಕು ಎಂದು ಅವರು ಪರದೆಯಾಚೆ ಬಂದು ಹೇಳಿದರು. ಗಂಡ ಚೆಲುವರಾಜು, ತಾಯಿ ಪುಟ್ಟತಾಯಮ್ಮ ಇಬ್ಬರ ಬೆರಳಿನಿಂದಲೂ ಹನಿ ತೆಗೆದು ನೋಡಿದರು. ಇಬ್ಬರದ್ದೂ ಹೊಂದಿತು. ತಾಯಿಯ ಮೈಮೇಲೆ ಮಾಂಸವೇ ಇರಲಿಲ್ಲ. ಚೆಲುವರಾಜು ಗರಡಿಯ ಪೈಲ್ವಾನ. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಡಾಕ್ಟರ್ ಅವನ ಕಡೆಗೇ ತಿರುಗಿ, ಒಂದು ಸೀಸೆ ಸಾಕು, ನಿಮ್ಮಂಥವರಿಗೆ ಅದು ಲೆಕ್ಕಕ್ಕೇ ಇಲ್ಲ ಎಂದರು.

ಲಕ್ಷ್ಮಮ್ಮನಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಮಾತೆಲ್ಲ ಕೇಳಿಸುತ್ತಿತ್ತು. ಅವನು ಈಗ ಅಂಗಿಯ ತೋಳು ಮಡಚುತ್ತಾನೆ ಎಂದು ಕಾದಳು.

ದಸರಾಕ್ಕೆ ವಾರವೂ ಉಳಿದಿರಲಿಲ್ಲ. ದಸರಾ ಕುಸ್ತಿಗೆ ಎದುರಾಳಿಯನ್ನು ಗೊತ್ತುಮಾಡಿ ಅವನ ಜೋಡಿ ಕಟ್ಟಿ ಆಗಿತ್ತು. ಜೊತೆಗೆ ಬಂದಿದ್ದ ಗರಡಿಯ ಉಸ್ತಾದ್ ಹುಚ್ಚಣ್ಣ, ರಕ್ತ ತೆಗೆದ ಮೈಯನ್ನು ತಿಂಗಳುಗಟ್ಟಲೆ ಅಖಾಡಕ್ಕೆ ಇಳಿಸುವಂತಿಲ್ಲ ಎಂದ. ಚೆಲುವರಾಜು ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ. ಬಹಳ ವಿನಯದಿಂದ ಕೇಳಿಕೊಂಡ.

"ಉಪ್ಪುನೀರೇ ಇನ್ನೊಂದು ಸೀಸೆ ಬುಡಿ ಸ್ವಾಮಿ. ಒಳ್ಳೇದು ನೋಡಿ ಬುಡಿ."

"ಅದ್ರಲ್ಲಿ ಒಳ್ಳೇದು ಕೆಟ್ಟದ್ದು ಏನಿದೆ ಕಣ್ರೀ ಪೈಲ್ವಾನ್ರೇ, ಉಪ್ಪು ಅಂದ್ರೆ ಉಪ್ಪೇಯ," ಎಂದಳು ನರ್ಸ್ ರೋಸಮ್ಮ.

ಸಾಯುವವರಿಗೆ ಭಯವೇ ದೊಡ್ಡದು ಎಂದು ನಾವೆಲ್ಲ ತಿಳಿದಿರುತ್ತೇವೆ. ಲಕ್ಷ್ಮಮ್ಮನಿಗೆ ಆದದ್ದು ನಾಚಿಕೆ. ಗುರುತಿಲ್ಲದ ಜನರ ಎದುರು ತನಗೆ ಇಷ್ಟು ಸಾಕು ಎಂದು ತೀರ್ಮಾನವಾಗುತ್ತಿದೆ, ತಾನು ಸೆರಗು ಎಳೆದು ಮುಖ ಮುಚ್ಚಿಕೊಳ್ಳಲೂ ಆಗದೆ ಬಿದ್ದಿದ್ದೇನೆ ಎಂಬ ನಾಚಿಕೆ.

ಪುಟ್ಟತಾಯಮ್ಮ ಯಾರನ್ನೂ ಕೇಳದೆ ಬೆಂಚಿನ ಮೇಲೆ ಮಲಗಿ ತೋಳು ಚಾಚಿದಳು.

"ಹೊಟ್ಟೇಲಿದ್ದಾಗ ಒಂದ್ಸಲ ಕೊಟ್ಟೋಳೇ ಅಲ್ವಾ ನಾನು. ತಕ್ಕಳಿ."

ಡಾಕ್ಟರ್ ಹಿಂದೆಮುಂದೆ ನೋಡಿದರು. ಬೇರೆ ದಾರಿಯಿರಲಿಲ್ಲ, ಬೇಕಾದುದಕ್ಕಿಂತ ಕಡಿಮೆಯೇ ತೆಗೆದರು. ಸಂಜೆಗೆ ಮಗಳ ತುಟಿಗೆ ಬಣ್ಣ ಬಂತು. ತಾಯಿ ಬೆಂಚಿನಿಂದ ಏಳಲಾರದೆ ಹೋದಳು. ರೋಸಮ್ಮ ತಲೆ ಎತ್ತಿ ಹಿಡಿದು ಕಾಫಿ ಕುಡಿಸಬೇಕಾಯಿತು.

ಚೆಲುವರಾಜು ಕುಸ್ತಿ ಗೆದ್ದ. ಹಾರ ಹಾಕಿಕೊಂಡೇ ಆಸ್ಪತ್ರೆಗೆ ಬಂದು ಮಗುವನ್ನು ಎತ್ತಿ ಆಡಿಸಿದ. ವಾರ್ಡಿನ ಹೆಂಗಸರು ಎದ್ದು ಕೂತು ನೋಡಿದರು. ಲಕ್ಷ್ಮಮ್ಮ ಒಂದೇ ಮಾತು ಕೇಳಿದಳು.

"ಅವ್ವ ಇಲ್ದೆ ಹೋಗಿದ್ರೆ?"

ಅವನು ನಿಜವಾಗಿಯೇ ಯೋಚನೆ ಮಾಡಿದ.

"ಕೊಡ್ತಿದ್ದೆ ಕಣೇ. ಕುಸ್ತಿ ಒಂದು ಮುಗೀಲಿ ಅಂತಿದ್ದೆ, ಅಷ್ಟೇಯ."

ಮುಖದಲ್ಲಿ ಸುಳ್ಳಿರಲಿಲ್ಲ. ಅಲ್ಲಿಯವರೆಗೆ ಅವಳು ಕಾಯುತ್ತಿದ್ದಳೆಂದೇ ಅವನು ನಂಬಿದ್ದ. ಅಡುಗೆ ಮಾಡಿಟ್ಟು ದಿನವೂ ಕಾಯುತ್ತಿದ್ದಳಲ್ಲ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು ಎನ್ನಿಸಿತು ಅವಳಿಗೆ.

ಮನೆಗೆ ಕಳಿಸುವ ದಿನ ಅವಳಿಗೆ ಮೆಟ್ಟಿಲು ಇಳಿಯಲು ಇನ್ನೂ ತ್ರಾಣವಿರಲಿಲ್ಲ. ಚೆಲುವರಾಜು ಮಡಿಸಿದ ಪಂಚೆಯನ್ನು ಎತ್ತುವಷ್ಟು ಸಲೀಸಾಗಿ ಎತ್ತಿಕೊಂಡ. ಪಕ್ಕದ ಮಂಚದವಳು, "ಪುಣ್ಯವಂತೆ ಕಣಮ್ಮ ನೀನು," ಎಂದಳು. ಅವರ ಹಿಂದೆ ಪುಟ್ಟತಾಯಮ್ಮ ಮೊಮ್ಮಗುವನ್ನು ರೋಸಮ್ಮನ ಕೈಗೆ ಕೊಟ್ಟು, ಗೋಡೆ ಹಿಡಿದು ನಿಂತು ನಿಂತು ಬರುತ್ತಿದ್ದಳು.

ಲಕ್ಷ್ಮಮ್ಮನ ಕಿವಿ ಅವನ ಎದೆಗೆ ತಾಗಿತ್ತು. ಒಳಗೆ ರಕ್ತ ಧಡಧಡನೆ ಓಡುತ್ತಿತ್ತು. ಅವಳು ಮುಖವನ್ನು ಆಚೆಗೆ ತಿರುಗಿಸಿಕೊಂಡಳು.