ಚಾತುವಿನ ಮನೆ ಬಿಟ್ಟು ದಿಲ್ಲಿಗೆ ಹೊರಟ ನಾರಾಯಣನ್

ಕೇರಳದ ಗಡಿಯಲ್ಲಿ, ಮುಳ್ಳನ್‌ಕೊಲ್ಲಿ ಕಡೆಯ ಒಂದು ಸಣ್ಣ ಊರು. ಅಲ್ಲಿ ತೋಡು ದಾಟಲು ಹಾಕಿದ್ದ ಮರದ ಸಂಕ, ಊರವರ ಕಾಲುಸೇತುವೆ, ಲಡ್ಡಾಗಿ ಕೊಳೆತು ಮುರಿದುಬಿದ್ದಿತ್ತು. ಜಾನಕಿಯ ಮಗಳು ಲೀಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವುದು ಕರ್ಕಾಟಕ ಮಾಸದ ಜಡಿಮಳೆಯಲ್ಲಿ. ಆ ಮಳೆಗೆ ತೋಡು ಉಕ್ಕಿದರೆ ನರ್ಸಮ್ಮ ಈಚೆ ಬರುವುದು ಹೇಗೆ? ಹೆಚ್ಚುಕಮ್ಮಿಯಾದರೆ ಮಗಳನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆ? ಜಾನಕಿಗೆ ಊಟ ಸೇರುತ್ತಿರಲಿಲ್ಲ.

ಗಂಡ ನಾರಾಯಣನ್ ಸುಮ್ಮನೆ ಕೂತಿರಲಿಲ್ಲ, ದೂರದೂರ ಅಲೆಯುತ್ತಿದ್ದ. ಅದೇ ಅವಳ ಸಿಟ್ಟು. ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗಬಾರದೆಂದು ಅವನು ಒಂದು ಸುವರ್ಣಗಡ್ಡೆ ಹೊತ್ತು ಕಬಿನಿ ಹೊಳೆ ದಾಟಿದ. ಅವನ ಅಜ್ಜಂದಿರ ಊರು ಹೊಳೆಯಾಚೆಯ ಕನ್ನಡ ನಾಡು, ತಾನು ಆಡುವ ಮಾತೂ ಕನ್ನಡ. ಅಲ್ಲಿಯವರು ಕೈಬಿಡುವುದುಂಟೇ? ಅಲ್ಲಿಯ ಮುಖಂಡರೊಬ್ಬರು ಗಡ್ಡೆ ಇಟ್ಟುಕೊಂಡು, "ನಿಮ್ಮದು ಕೇರಳ ಕಣಪ್ಪ, ನಮ್ಮ ಕೈ ಹೊಳೆ ದಾಟಲ್ಲ" ಎಂದು ಕಳಿಸಿದರು.

ಜಿಲ್ಲೆ ಹೊಸದಾಗಿ ಆಗಿತ್ತು, ಕಲ್ಪೆಟ್ಟಕ್ಕೆ ಕಲೆಕ್ಟರು ಬಂದಿದ್ದರು. ಇನ್ನೊಂದು ಗಡ್ಡೆ ಅಲ್ಲಿಗೆ ಹೊರಟಿತು. ಬಾಗಿಲಲ್ಲಿದ್ದವನು "ಪಂಚಾಯತಿಗೆ ಹೋಗಿ" ಎಂದ. ಗಡ್ಡೆ ಹೋದ ಹಾಗೇ ವಾಪಸ್ ಬಂತು.

"ಇನ್ನು ದಿಲ್ಲಿಗೇ ಹೋಗ್ತೀನಿ" ಎಂದ ನಾರಾಯಣನ್.

"ದಿಲ್ಲಿ ಕಾಣೋ ಕಣ್ಣಿಗೆ ಗದ್ದೆಯಾಚೆ ಚಾತು ಮನೆ ಕಾಣಲ್ವಾ? ಅವನಲ್ವಾ ನಮ್ಮ ಪಂಚಾಯತಿ ಮೆಂಬರು?" ಜಾನಕಿ ಸಿಡುಕಿದಳು.

"ಚಾತುವಾ? ನನ್ನ ಜತೆ ಗದ್ದೇಲಿ ಹಂದಿ ಓಡಿಸೋನು! ಅವನ ಕೈಲಿ ಏನಾಗ್ತದೆ?"

ಹಿತ್ತಲ ಗಿಡ ಮದ್ದಲ್ಲ. ಈ ರೋಗ ನಮ್ಮಲ್ಲಿ ಯಾರನ್ನು ಬಿಟ್ಟಿದೆ ಹೇಳಿ!

ಅಷ್ಟರಲ್ಲಿ ಪಕ್ಕದ ಮನೆಯ ಅಮ್ಮಾಳು ಮಜ್ಜಿಗೆ ತಂದಳು. ಹೋದ ವರ್ಷ ಪಂಚಾಯತಿಯ ಬೆನ್ನು ಬಿದ್ದು ಊರ ಬಾವಿಗೆ ಕಟ್ಟೆ ಕಟ್ಟಿಸಿದವಳು ಅವಳೇ.

"ನಾರಾಯಣಣ್ಣ, ಭತ್ತ ತೆನೆ ಕಟ್ಟಿದಾಗ ಕಾವಲು ಹೆಂಗೆ ಕಾಯ್ತೀರಿ?"

"ಅವರವರ ಗದ್ದೆ ಅವರವರ ಅಟ್ಟಣೆಯಿಂದ. ಆನೆ ಹಿಂಡು ಬಂದ್ರೆ ಎಲ್ಲರೂ ಸೇರ್ತೀವಿ."

"ನಿಮ್ಮ ಗದ್ದೆಗೆ ಹಂದಿ ನುಗ್ಗಿದ್ರೆ, ಆ ತುದಿಯ ದೊಡ್ಡ ಅಟ್ಟಣೆಯೋನು ಓಡಿಸ್ಲಿ ಅಂತ ಮಲಗ್ತೀರಾ?"

"ಮಲಗಿದ್ರೆ ತೆನೆ ಉಳೀತದಾ?"

"ಸರ್ಕಾರವೂ ಹಂಗೇ ಅಣ್ಣ. ಸೈನ್ಯ, ರೈಲು, ಅಂಚೆ ದಿಲ್ಲಿಯ ಕಾವಲು. ಪೊಲೀಸು, ದೊಡ್ಡಾಸ್ಪತ್ರೆ ತಿರುವನಂತಪುರದ್ದು. ಬಾವಿ, ಬೀದಿ ದೀಪ, ಊರ ದಾರಿ, ಈ ಸಂಕ ಎಲ್ಲ ಪಂಚಾಯತಿದು. ದೊಡ್ಡದು ಸಣ್ಣದು ಅಂತಲ್ಲ, ಅವರವರ ಗದ್ದೆ ಅವರವರು ನೋಡ್ಬೇಕು."

"ಪಂಚಾಯತಿ ಹತ್ರ ದುಡ್ಡೆಲ್ಲಿದೆ?"

"ನೀವು ಕಟ್ಟೋ ಮನೆ ತೆರಿಗೆ ಎಲ್ಲಿಗೆ ಹೋಯ್ತು? ಮೇಲಿನ ಸರ್ಕಾರದಿಂದಲೂ ಬರ್ತದೆ. ಬಾಯಿಬಿಟ್ಟು ಕೇಳಿದ ಊರಿಗೆ ಹೋಗ್ತದೆ."

ನಾರಾಯಣನ್ ಮತ್ತೇನೋ ತೆಗೆಯುವವನಿದ್ದ. ಒಳಗಿಂದ ಲೀಲ ಹೇಳಿದಳು, "ಅಪ್ಪಾ, ನನ್ನ ಹೊಟ್ಟೇಲಿರೋದು ದಿಲ್ಲಿಯ ಉತ್ತರಕ್ಕೆ ಕಾಯಲ್ಲ."

ಅವನ ಮುಖ ಸಣ್ಣದಾಯಿತು. "ಶರಿ ಮೋಳೇ, ಆಗಲಿ" ಎಂದು ಮಗಳಿಗೆ ಹೇಳಿ, ಅದೇ ಗಡ್ಡೆ ಎತ್ತಿಕೊಂಡು ಗದ್ದೆ ದಾಟಿದ. ಜಾನಕಿಯೂ ಹಿಂದೆಯೇ ಹೋದಳು. ಗಂಡ ದಾರಿಯಲ್ಲಿ ಮನಸ್ಸು ಬದಲಿಸಿಯಾನು ಎಂಬ ಭಯ ಅವಳಿಗೆ.

ಚಾತು ಕೇಳಿ ರೇಗಿದ. "ಬೇಸಿಗೇಲೇ ಹೇಳೋಕೆ ನಿನಗೇನಾಗಿತ್ತು? ಆ ದಾರೀಲಿ ನಾನು ಬರೋದಿಲ್ಲ, ನನಗೆ ಗೊತ್ತಾಗೋದು ಹೆಂಗೆ? ಗಡ್ಡೆ ಮನೆಗೆ ಒಯ್ಯಿ ಮಾರಾಯ. ಸಂಕ ಕೇಳೋದು ನಿನ್ನ ಹಕ್ಕು, ಅದಕ್ಕೆ ಕಾಣಿಕೆ ಎಂಥದ್ದು?"

ವಿಷಯ ಪಂಚಾಯತಿ ಸಭೆಗೆ ಹೋಯಿತು. ಅಲ್ಲೂ ಗೊಣಗಾಟ, ಎಳೆದಾಟ ಇಲ್ಲದಿರಲಿಲ್ಲ. ಕೊನೆಗೆ ಮರಕ್ಕೆ ಹಣ ಸಿಕ್ಕಿತು, ಊರವರು ಕೈಜೋಡಿಸಿದರು. ಮಳೆ ಬಲಿಯುವ ಮೊದಲೇ ಹೊಸ ಸಂಕ ನಿಂತಿತು. ತೋಡು ಕೆಂಪಗೆ ಉಕ್ಕಿ ಹರಿಯುತ್ತಿದ್ದ ದಿನ ನರ್ಸಮ್ಮ ಕೊಡೆ ಹಿಡಿದು ಅದರ ಮೇಲೆ ನಡೆದು ಬಂದರು. ಲೀಲಳಿಗೆ ಹೆಣ್ಣು ಮಗು ಹುಟ್ಟಿತು. ಜಾನಕಿಯ ಕಣ್ಣು ತುಂಬಿ ಬಂತು. ಗಂಡನನ್ನು ಬೈಯುವುದನ್ನು ಮಾತ್ರ ಅವಳು ಆಮೇಲೂ ಬಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಸಂಕ ಅಲುಗಾಡುತ್ತಿದೆಯೇ? ಬಾವಿಯ ಕಟ್ಟೆ ಕುಸಿದಿದೆಯೇ? ಅದು ಯಾವ ಸರ್ಕಾರದ ಕೆಲಸವೆಂದು ಮೊದಲು ವಿಚಾರಿಸಿ. ನಿಮ್ಮ ಪಂಚಾಯತಿ ಸದಸ್ಯರ ಮನೆ ಯಾವುದೆಂದು ಗೊತ್ತಿಲ್ಲದಿದ್ದರೆ ಇವತ್ತೇ ತಿಳಿದುಕೊಳ್ಳಿ. ಮಳೆಗೆ ಮುಂಚೆ ಹೋಗಿ. ಬರಿಗೈಯಲ್ಲೇ ಹೋಗಿ.