ಉಡದಾರದ ಕೀಲಿ

ಕೆನಡಾದ ವಾನ್ ಊರಿನ ಗೋದಾಮುಗಳ ಸಾಲಿನಲ್ಲಿ ನಿಜಗುಣ ಹಿಡಿದ ಅಂಗಡಿಗೆ ಇನ್ನೂ ಬೋರ್ಡು ಬಿದ್ದಿರಲಿಲ್ಲ. ಬಂದೂಕು ರಿಪೇರಿ ಮಾಡಿ ಮಾರಲು ಸರ್ಕಾರದ ಲೈಸೆನ್ಸು ಬೇಕು. ಅದಕ್ಕೆ ಮೊದಲು ಇನ್ಸ್‌ಪೆಕ್ಟರು ಬಂದು ಅಂಗಡಿ ನೋಡಿ ಹೂಂ ಅನ್ನಬೇಕು. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯ ಲೇತ್ ಕೆಲಸವನ್ನು ಅವನು ಆಗಲೇ ಬಿಟ್ಟಾಗಿತ್ತು, ಅದೂ ಫೋರ್‌ಮನ್ನನಿಗೆ ನಾಲ್ಕು ಮಾತು ಅಂದು. ಈ ಲೈಸೆನ್ಸು ತಪ್ಪಿದರೆ ಅದೇ ಫೋರ್‌ಮನ್ನನ ಮುಂದೆ ಹೋಗಿ ನಿಲ್ಲಬೇಕು.

ಇನ್ಸ್‌ಪೆಕ್ಟರು ಶುಕ್ರವಾರ ಬರುತ್ತಾರೆಂದು ಫೋನು ಬಂತು. ಅದು ಎಂಥ ಶುಕ್ರವಾರ ಎಂದು ನೆನಪಿಸಿದವಳು ಹೆಂಡತಿ ಪಾರ್ವತೆವ್ವ.

"ಅವತ್ತ ಖಂಡೇಪೂಜಿ ಅಲ್ಲೇನ್ರಿ?"

"ಈ ವರ್ಷ ಬಿಡು."

"ಕುಕ್ಕರಿಗೂ ಕುಂಕುಮ ಹಚ್ಚತೀನಿ ನಾ. ಬಂದೂಕಿನ ಅಂಗಡಿ ಹಾಕಾಂವ ಆಯುಧಕ್ಕ ಪೂಜಿ ಬಿಡತಾನಂತ. ಮಂದಿ ಕೇಳಿದ್ರ ನಗತಾರ."

ಶುಕ್ರವಾರ ಬೆಳಿಗ್ಗೆ ಮಗಳು ಮಾಧುರಿಯನ್ನು ಎಳೆದುಕೊಂಡು ಅವಳು ಅಂಗಡಿಗೇ ಬಂದಳು. ಮಾಲ್ಟನ್ನಿನ ನಮ್ಮವರ ಅಂಗಡಿಗಳಲ್ಲೂ ಬೂದುಗುಂಬಳ ಸಿಕ್ಕಿರಲಿಲ್ಲ. ಹ್ಯಾಲೋವಿನ್ನಿಗೆಂದು ಮಕ್ಕಳು ಕಣ್ಣು ಬಾಯಿ ಕೆತ್ತುವ ಕಿತ್ತಳೆ ಬಣ್ಣದ ಕುಂಬಳ ಕಂಕುಳಲ್ಲಿತ್ತು. ಅಂಗಡಿಯ ಲೇತಿಗೆ ಚೆಂಡುಹೂವಿನ ಮಾಲೆ ಹಾಕಿ, ಉಕ್ಕಿನ ಕಪಾಟಿನ ಮುಂದೆ ಕೈಚಾಚಿದಳು. ಒಳಗೆ ನಿಜಗುಣನ ಸ್ವಂತ ಬೇಟೆ ಬಂದೂಕಿತ್ತು.

"ಕೀಲಿ ಕೊಡ್ರಿ."

"ಕೊಡಾಕ ಬರಂಗಿಲ್ಲ. ಕಾಯ್ದೆ ಹಂಗೈತಿ."

"ಹೇಣ್ತಿಗೂ?"

"ಹೇಣ್ತಿಗೇ ಮೊದಲು."

ಪಾರ್ವತೆವ್ವ ಕಪಾಟಿನ ಬಾಗಿಲಿಗೇ ವಿಭೂತಿ ಬಳಿದಳು. ಉಳಿದ ಸಿಟ್ಟನ್ನೆಲ್ಲ ಕುಂಬಳಕ್ಕೆ ಕೊಟ್ಟಳು. ಒಳಗೆ ಕುಂಕುಮ ತುಂಬಿದ್ದ ಅದು ಹೊಸ್ತಿಲ ಮೇಲೆ ಒಡೆದು, ಕೆಂಪು ನೀರು ಪಾರ್ಕಿಂಗಿನವರೆಗೂ ಹಾರಿತು. ಅಲ್ಲಿ ಆಗಷ್ಟೇ ಕಾರಿನಿಂದ ಇಳಿದ ಇನ್ಸ್‌ಪೆಕ್ಟರಮ್ಮ ತನ್ನ ಬೂಟು ನೋಡಿಕೊಂಡಳು.

"ಯಾರಿಗಾದರೂ ಪೆಟ್ಟಾಗಿದೆಯೇ?" ಎಂದಳು ಇಂಗ್ಲಿಷಿನಲ್ಲಿ.

"ಕುಂಬಳಕಾಯಿಗೆ ಮಾತ್ರ," ಎಂದ ನಿಜಗುಣ.

ಆಕೆ ನಗಲಿಲ್ಲ. ಕಿಟಕಿಯ ಸರಳು ಅಲುಗಾಡಿಸಿದಳು, ಅಲಾರಂ ಒತ್ತಿ ಕೂಗಿಸಿದಳು, ಕೊನೆಗೆ ಕಪಾಟಿನ ಮುಂದೆ ನಿಂತಳು. ಕೀಲಿ ಇನ್ಯಾರ ಕೈಗೆ ಸಿಗುತ್ತದೆ ಎಂದು ಕೇಳಿದಳು.

"ಯಾರ ಕೈಗೂ ಸಿಗುವುದಿಲ್ಲ."

"ಎಲ್ಲರೂ ಹಾಗೇ ಹೇಳುತ್ತಾರೆ," ಎಂದು ಆಕೆ ಪಾರ್ವತೆವ್ವನ ಕಡೆ ತಿರುಗಿದಳು. "ಅವರು ಕೀಲಿ ಎಲ್ಲಿಡುತ್ತಾರೆ?" ಮಾಧುರಿ ಅದನ್ನು ಕನ್ನಡದಲ್ಲಿ ಹೇಳಿದಳು.

ಲೈಸೆನ್ಸು ಕೈಬಿಟ್ಟಂತೆಯೇ ಎಂದುಕೊಂಡ ನಿಜಗುಣ. ಬೆಳಿಗ್ಗೆಯಿಂದ ಯಾರಾದರೂ ಕೇಳಲೆಂದು ಕಾದವಳು ಸುಮ್ಮನಿರುತ್ತಾಳೆಯೇ?

"ಕೇಳಬ್ಯಾಡ್ರಿ ಬಾಯಾರ! ಅತ್ತಿ ಮನಿ ಕೀಲಿ ಎಲ್ಲಾ ನನ್ನ ಕೈಯಾಗ ಕೊಟ್ಟು ಕಣ್ಣ ಮುಚ್ಚಿದ್ರು. ಇದೊಂದ ಇಲ್ಲ. ಹಬ್ಬದ ದಿನ ದೇವರ ಹೆಸರ್ಲೆ ಬೇಡೀನಿ. ಉಡದಾರಕ್ಕ ಕಟಗೊಂಡಾರ, ಜಳಕಕ್ಕೂ ಬಿಚ್ಚಂಗಿಲ್ಲ. ಹೇಳ ಮಾಧುರಿ, ಒಂದೂ ಬಿಡಬ್ಯಾಡ."

"ಅವ್ವಾ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದಳು ಮಾಧುರಿ, ಆದರೂ ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಉಡದಾರಕ್ಕೆ ಇಂಗ್ಲಿಷು ಹೊಳೆಯದೆ ಸೊಂಟ ತೋರಿಸಿದಳು.

ಇನ್ಸ್‌ಪೆಕ್ಟರಮ್ಮ ಬಹಳ ಹೊತ್ತು ಪಾರ್ವತೆವ್ವನ ಮುಖ ನೋಡಿದಳು. ಅಂಥ ಸಿಟ್ಟನ್ನು ಹೇಳಿಕೊಟ್ಟು ಬರಿಸಲಾಗದು. "ತೆರೆಯಿರಿ," ಎಂದಳು.

ನಿಜಗುಣ ಶರ್ಟು ಎತ್ತಿ, ಹೊಟ್ಟೆಯನ್ನು ಕಪಾಟಿಗೆ ಒತ್ತಿ, ತುದಿಗಾಲಲ್ಲಿ ನಿಂತು ಕೀಲಿ ತಿರುಗಿಸಿದ. ಬಾಗಿಲು ತೆರೆಯಿತು, ಬಾಗಿಲ ಜೊತೆ ಅವನೂ ಅರ್ಧ ಸುತ್ತು ಬಂದ. ಆಕೆ ಬಂದೂಕು ತೆಗೆದು, ಖಾಲಿ ಇದೆಯೆಂದು ನೋಡಿ ಅವನ ಕೈಗಿಟ್ಟಳು. ಈಗ ನಕ್ಕಳು.

"ನನ್ನ ಕಡೆಯಿಂದ ಅಡ್ಡಿಯಿಲ್ಲ ಎಂದು ಬರೆಯುತ್ತೇನೆ."

ಮಾಧುರಿ ಅದನ್ನು ಕನ್ನಡಕ್ಕೆ ತರುವ ಮೊದಲೇ ಪಾರ್ವತೆವ್ವ ಕುಂಕುಮದ ಬಟ್ಟಲು ಹಿಡಿದು ಬಂದಿದ್ದಳು.

"ಹಿಂಗ ಹಿಡಕೊಂಡ ನಿಂದರ್ರಿ. ಅಲ್ಲಾಡಬ್ಯಾಡ್ರಿ."

ಬೀಗದಲ್ಲೇ ಸಿಕ್ಕಿಕೊಂಡ ಕೀಲಿಯ ಜೊತೆ ಬಾಗಿಲಿಗೆ ಅಂಟಿ ನಿಂತ ನಿಜಗುಣನಿಗೆ ಅಲ್ಲಾಡಲು ದಾರಿಯೂ ಇರಲಿಲ್ಲ.