ಗೆದ್ದಲಿನ ಮಡಕೆ

ಅವ್ವನ ತಲೆದೆಸೆಯಲ್ಲಿ ಚೆಲ್ಲಿದ್ದ ಅಕ್ಕಿಗೆ ಮುಗಿಬಿದ್ದ ಕೋಳಿಗಳನ್ನು ಮೀನಾ ಕೈ ಬೀಸಿ ಅಟ್ಟಿದಳು. ಕೆಂಪು ಹುಂಜವೊಂದು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವನ್ನೆಲ್ಲ ಸಾಕಿದ ಅವ್ವ ಚಿಕ್ಕಬೀರಮ್ಮನಿಗೆ ನಿನ್ನೆ ಕೊಟ್ಟಿಗೆಯಲ್ಲಿ ಹಾವು ಕಚ್ಚಿತ್ತು. ಕೋಟೆಯ ತಾಲ್ಲೂಕು ಆಸ್ಪತ್ರೆ ಸೇರುವ ಮೊದಲೇ ಅವಳ ಉಸಿರು ನಿಂತಿತ್ತು.

"ಎಂಗೆ ಕೊಬ್ಬವೆ ನೋಡ್ರವ್ವ," ಎಂದಳು ಪಕ್ಕದ ಮನೆಯ ಪುಟ್ಟಸಿದ್ದಮ್ಮ. "ಬರೀ ರಾಗಿ ತಿಂದು ಇಂಗೆ ಬೆಳೀತವಾ? ಹುತ್ತದ ಮ್ಯಾಲೆ ಮಡಕೆ ಕವುಚಿ ಗೆದ್ಲು ಇಡ್ದು ಆಕ್ತಿದ್ಲು. ಅವ್ಳೇ ಯೋಳವ್ಳೆ ನಂಗೆ. ನಾಗಪ್ಪ ಸುಮ್ಕೆ ಬುಟ್ಟಾನಾ?"

ಮೀನಾ ಅಪ್ಪನ ಕಡೆ ನೋಡಿದಳು. ಸಣ್ಣಬೀರಯ್ಯ ಬಾಯಿಗೆ ಟವೆಲು ಒತ್ತಿಕೊಂಡು ಜಗಲಿಯ ಕಂಬಕ್ಕೆ ಒರಗಿದ್ದ. ಈಗ ಹೇಳುತ್ತಾನೆ, ಇನ್ನೇನು ಹೇಳಿಯೇಬಿಡುತ್ತಾನೆ ಎಂದು ಕಾದಳು.

"ದಿಟವೇನ್ಲಾ ಸಣ್ಣಬೀರ?" ಊರ ಯಜಮಾನ ದೊಡ್ಡಮಾದಯ್ಯ ಕೇಳಿದ.

"ಕೋಳಿ ವಿಚಾರ ಎಲ್ಲಾ ಅವಳ್ದೇಯ. ನಂಗೇನ್ ಗೊತ್ತಣ್ಣ?"



*

ಎರಡು ವರ್ಷದ ಹಿಂದೆ ಮರಿಗಳು ರೆಕ್ಕೆ ಬಲಿಯದೆ ಸೊರಗಿ ಸಾಯತೊಡಗಿದಾಗ, ಬರೀ ಕಾಳು ಸಾಲದು, ಮೀನೋ ಹಿಂಡಿಯೋ ಸೇರಿಸಿ ಎಂದಿದ್ದರು ದನದ ಡಾಕ್ಟರು. ಅವ್ವ ಬೀಚನಹಳ್ಳಿಯ ಮೀನಿನವರಿಂದ ತಲೆ, ಕರುಳು ಬೇಡಿ ತಂದು, ಬೇಯಿಸಿ ತೌಡಿನಲ್ಲಿ ಕಲಸಿದಳು. ಮನೆಯೆಲ್ಲ ನಾರುತ್ತದೆಂದು ಎಗರಾಡಿದ ಅಪ್ಪ ಅವತ್ತೇ ಸಂಜೆ ಹಳೆಯ ಮಡಕೆಗೆ ಹುಲ್ಲು, ಸಗಣಿ ತುಂಬಿ ಹುತ್ತದ ಕಡೆ ಹೊರಟ. ಬೆಳಗ್ಗೆ ತಂದಾಗ ಮಡಕೆಯ ತುಂಬ ಗೆದ್ದಲು.

"ಹುತ್ತಕ್ಕೆ ನಾವು ಹಾಲೆರೆಯೋದು ಕಣ್ರೀ. ಬ್ಯಾಡ," ಅವ್ವ ಗೋಗರೆದಳು.

"ಮುಚ್ಕಂಡಿರು. ನಿನ್ ನಾಗಪ್ಪ ಗೆದ್ಲು ತಿಂದಾನಾ?"

ಆ ಮಡಕೆಯನ್ನು ಅವ್ವ ಒಂದು ದಿನವೂ ಮುಟ್ಟಲಿಲ್ಲ. ಯಾರಾದರೂ ಕೇಳಿದರೆ ಮಾತ್ರ, ಗಂಡನ ಮರ್ಯಾದೆ ಹೋದೀತೆಂದು, "ನಾನೇ ತಂದಿದ್ದು" ಅನ್ನುತ್ತಿದ್ದಳು.

*

"ಹೆಣ ಎತ್ತಕ್ ಮುಂಚೆ ಹುತ್ತಕ್ಕೆ ತಪ್ಪುಕಾಣಿಕೆ ಆಗ್ಬೇಕು," ಎಂದ ದೊಡ್ಡಮಾದಯ್ಯ. "ಗಂಡನೇ ಓಗಿ, ನನ್ನೆಂಡ್ರು ತಪ್ಪು ಮಾಡವ್ಳೆ ಅಂತ ಅಡ್ಡಬೀಳ್ಬೇಕು."

ಮೀನಾ ದಡಕ್ಕನೆ ಎದ್ದಳು. "ಅವ್ವ ಮಾಡಿಲ್ಲ. ಮಾಡಿದ್ದು ಯಾರೂಂತ ಅಪ್ಪಂಗೆ ಗೊತ್ತು. ಯೋಳಪ್ಪ!"

ಅಪ್ಪ ಅವಳ ಮುಖ ನೋಡಲಿಲ್ಲ. "ಸಂಕಟಕ್ಕೆ ಏನೇನೋ ಅಂತದೆ ಕೂಸು," ಎಂದು ಪುಟ್ಟಸಿದ್ದಮ್ಮ ಅವಳ ಕೈ ಹಿಡಿದು ಜಗ್ಗಿದಳು. ಮೀನಾ ಕೊಸರಿಕೊಂಡಳು.

ಹಾಲಿನ ಚೊಂಬು ಬಂತು. "ಕೆರೆ ಹಿಂದೆ ಐದಾರು ಹುತ್ತ ಅವೆ," ದೊಡ್ಡಮಾದಯ್ಯ ತಲೆ ಕೆರೆದುಕೊಂಡ. "ಅವಳು ಮಡಕೆ ಇಕ್ತಿದ್ದದ್ದು ಯಾವ್ದಕ್ಕೆ ಅಂತ ಯಾರ್ನ ಕೇಳೋದೀಗ?"

ಅಷ್ಟರಲ್ಲಿ ಸಣ್ಣಬೀರಯ್ಯ ಚೊಂಬು ಹಿಡಿದು ಹೊರಟೇಬಿಟ್ಟಿದ್ದ. ದಾರಿ ಬಿಟ್ಟು ಲಂಟಾನ ಪೊದೆಯ ಕೆಳಗೆ ಬಗ್ಗಿ ನುಸುಳಿದ, ಕಾಲುವೆ ದಾಟಿದ, ಎರಡು ಹುತ್ತಗಳನ್ನು ತಿರುಗಿಯೂ ನೋಡದೆ ಹಾದು ಮೂರನೆಯದರ ಮುಂದೆ ಮಂಡಿಯೂರಿದ. ಹುತ್ತದ ನೆತ್ತಿಯಲ್ಲಿ ಮಡಕೆಯ ಬಾಯಿಯಷ್ಟೇ ಅಗಲದ ಗುರುತಿತ್ತು.

ಹಿಂದೆ ಬಂದ ಗಂಡಸರು, ಅವರ ಬೆನ್ನಿಗೇ ಬಂದಿದ್ದ ಮೀನಾ, ಒಬ್ಬೊಬ್ಬರಾಗಿ ನಿಂತರು. ದೊಡ್ಡಮಾದಯ್ಯ ಸಣ್ಣಬೀರಯ್ಯನನ್ನು ನೋಡಿದ, ಹುತ್ತವನ್ನು ನೋಡಿದ, ಕೊನೆಗೆ ಮೀನಾಳನ್ನು ನೋಡಿದ. ಆಮೇಲೆ ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡ.

"ಊಂ, ಯೋಳ್ಲಾ."

"ನನ್ನೆಂಡ್ರು ತಪ್ಪು ಮಾಡವ್ಳೆ, ತಂದೇ," ಎಂದ ಅಪ್ಪ, ಎಲ್ಲರಿಗೂ ಕೇಳುವಂತೆ.